ಷಡ್ಡಕನ ಸುದ್ದಿ

ನನ್ನ ಷಡ್ಡಕನ ಹೆಸರು ಪೇಪರಿನಲ್ಲಿ ಒಂದು ದಿನವೂ ಬರುತ್ತಿರಲಿಲ್ಲ. ಆದರೂ ಬೆಳಿಗ್ಗೆ ಪೇಪರು ಬಿಡಿಸಿದರೆ ನನ್ನ ಕಣ್ಣಿಗೆ ಬೀಳುತ್ತಿದ್ದವನು ಅವನೇ. ಕಡೂರಿನ ಸುದ್ದಿ ಅಂದರೆ ಸಾಕು, ಅದು ಕಡಲೆಕಾಯಿ ಬೀಜದ ವಿಷಯವಾಗಲಿ, ರೈತರ ಸಭೆಯ ವಿಷಯವಾಗಲಿ, ಹಿಂದೆ ಅವನ ಕೈ ಇದೆ ಎಂದು ಎರಡು ಸಾಲು ಓದುವುದರೊಳಗೆ ಗೊತ್ತಾಗಿಬಿಡುತ್ತಿತ್ತು. ಕೈಯಲ್ಲಿದ್ದ ಕಾಫಿ ಆರಿಹೋಗುತ್ತಿತ್ತು, ಹೊಟ್ಟೆ ಮಾತ್ರ ಉರಿಯುತ್ತಲೇ ಇರುತ್ತಿತ್ತು.

ಅಜ್ಜಂಪುರದಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದ ನಮ್ಮ ಮಾವನವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳನ್ನು ನನಗೆ ಕೊಟ್ಟರು, ಚಿಕ್ಕವಳನ್ನು ಅವನಿಗೆ. ನಾನು ತರೀಕೆರೆಯಲ್ಲಿ ತೆಂಗು, ಅಡಿಕೆ ಬೆಳೆಗಾರರ ಒಂದು ಸಹಕಾರ ಸಂಘದ ಪ್ರಚಾರಾಧಿಕಾರಿ. ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಪ್ರಚಾರಾಧಿಕಾರಿ ಅಂದರೆ ಏನು ಕೆಲಸ ಎಂದು ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಸಭೆಗೆ ಮೈಕು ಕಟ್ಟಿಸುವವನು ಎಂದು ನಮ್ಮ ಬೀದಿಯವರು ತಿಳಿದಿದ್ದರು. ಮೈಕೂ ಕಟ್ಟಿಸುತ್ತಿದ್ದೆ, ಸುಳ್ಳಲ್ಲ. ಆದರೆ ಸಂಬಳ ಕೊಡುತ್ತಿದ್ದದ್ದು ಸಂಘದ ಸುದ್ದಿ ಪೇಪರಿನಲ್ಲಿ ಬರುವ ಹಾಗೆ ನೋಡಿಕೊಳ್ಳುವುದಕ್ಕೆ. ಕಡೂರಿನ ಎಣ್ಣೆಬೀಜ ಬೆಳೆಗಾರರ ಸಂಘದಲ್ಲಿ ಇದೇ ಕೆಲಸ ಖಾಲಿಯಾದಾಗ ಮಾವ ನನ್ನನ್ನು ಕರೆಸಿ, ಚಿಕ್ಕಳಿಯನಿಗೆ ಅರ್ಜಿ ಬರೆದುಕೊಡಿ ಎಂದರು. ಬರೆದುಕೊಟ್ಟೆ. ನಾನು ಬರೆದುಕೊಟ್ಟ ಅರ್ಜಿಯಿಂದಲೇ ಅವನು ಆ ಕುರ್ಚಿಯಲ್ಲಿ ಕೂತ. ಇದನ್ನು ನಾನು ನನ್ನ ಹೆಂಡತಿಗೆ ಎಷ್ಟು ಸಲ ಜ್ಞಾಪಿಸಿದ್ದೇನೋ, ಕೊನೆಕೊನೆಗೆ ಬಾಯಿ ತೆರೆಯುವುದಕ್ಕೆ ಮುಂಚೆಯೇ ಅವಳು ‘ಗೊತ್ತು, ಅರ್ಜಿ’ ಎನ್ನುತ್ತಿದ್ದಳು.

ಎದುರಿಗೆ ಅವನನ್ನು ನಾನು ‘ನೀವು’ ಎಂದೇ ಕರೆಯುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ‘ಅವನು’. ಅವನು ನನ್ನನ್ನು ‘ಅಣ್ಣಾರೇ’ ಎನ್ನುತ್ತಿದ್ದ. ಅದರಲ್ಲಿ ಎಳ್ಳಷ್ಟೂ ಕುಹಕ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮಾವನವರಿಗೆ ಪೇಪರಿನ ಹುಚ್ಚು. ರೈಲಿನಲ್ಲಿ ಬಂದ ಪೇಪರನ್ನು ಮಂಡಿಯ ಗಾದಿಯ ಮೇಲೆ ಹರವಿಕೊಂಡು, ಈರುಳ್ಳಿ ಧಾರಣೆಯಿಂದ ಶುರುಮಾಡಿ ಕೊನೆಯ ಪುಟದವರೆಗೂ ಓದುತ್ತಿದ್ದರು. ಅಳಿಯಂದಿರ ಸಂಘದ ಸುದ್ದಿ ದೊಡ್ಡದಾಗಿ ಬಂದರೆ ಕತ್ತರಿಸಿ, ಮೈದಾ ಅಂಟು ಹಚ್ಚಿ, ಗಾದಿಯ ಪಕ್ಕದ ಗೋಡೆಗೆ ಅಂಟಿಸುತ್ತಿದ್ದರು. ಗೋಡೆಯ ತುಂಬ ಕಡೂರಿನ ಸುದ್ದಿ. ತರೀಕೆರೆಯದು ಒಂದೂ ಇಲ್ಲ. ಮಾವ ಭೇದ ಮಾಡುವವರಲ್ಲ. ನನ್ನ ಸುದ್ದಿ ಕತ್ತರಿಸುವುದಕ್ಕೆ ಸಿಗುವಷ್ಟು ಉದ್ದ ಬರುತ್ತಲೇ ಇರಲಿಲ್ಲ, ಅಷ್ಟೆ. ಮಂಡಿಗೆ ಹೋದಾಗ ಆ ಗೋಡೆಗೆ ಬೆನ್ನು ಹಾಕಿ ಕೂರುವುದನ್ನು ನಾನು ಅಭ್ಯಾಸ ಮಾಡಿಕೊಂಡಿದ್ದೆ.

ಇಬ್ಬರಿಗೂ ಬಾತ್ಮೀದಾರರು ಒಬ್ಬರೇ. ಬೀರೂರಿನ ಸ್ಟೇಷನ್ ರಸ್ತೆಯಲ್ಲಿ ಪುಸ್ತಕ, ಪೆನ್ನು, ಕಾಗದ ಮಾರುವ ಅಂಗಡಿ ಅವರದು. ಅಂಗಡಿ ನೋಡಿಕೊಂಡೇ ಬೆಂಗಳೂರಿನ ಪೇಪರಿಗೆ ಎರಡೂ ತಾಲ್ಲೂಕಿನ ಸುದ್ದಿ ಕಳಿಸುತ್ತಿದ್ದರು. ಮಧ್ಯಾಹ್ನ ಕವರಿಗೆ ಅಂಟು ಹಚ್ಚಿ, ಬೆಂಗಳೂರಿನ ರೈಲಿನ ಅಂಚೆ ಡಬ್ಬಿಗೆ ಹಾಕಿ ಬಂದರೆ ಅವರ ಪತ್ರಿಕೋದ್ಯಮ ಅಂದಿಗೆ ಮುಗಿಯಿತು. ಆ ರೈಲು ತಪ್ಪಿದ ಸುದ್ದಿ ತಂಗಳು.

ನಾನು ಅವರನ್ನು ಕಡೆಗಣಿಸಿದೆ ಎಂದು ಯಾರೂ ಹೇಳುವ ಹಾಗಿಲ್ಲ. ಹೋದಾಗಲೆಲ್ಲ ತರೀಕೆರೆಯಿಂದ ಒಳ್ಳೆಯ ತೆಂಗಿನಕಾಯಿ ಒಯ್ಯುತ್ತಿದ್ದೆ. ನಮ್ಮ ಅಧ್ಯಕ್ಷರ ಮನೆಯಲ್ಲಿ ಹೋಳಿಗೆ ಊಟವಿದ್ದರೆ ಅವರಿಗೆ ಮೊದಲ ಕರೆ. ಸುದ್ದಿಯನ್ನು ನೀಟಾಗಿ, ದುಂಡಗೆ, ಹಾಳೆಗಟ್ಟಲೆ ಬರೆದು ಒಯ್ಯುತ್ತಿದ್ದೆ. ಪ್ರಾರ್ಥನೆ ಹಾಡಿದವರಿಂದ ಹಿಡಿದು ವಂದನೆ ಹೇಳಿದವರವರೆಗೆ ಎಲ್ಲರೂ ಅದರಲ್ಲಿರುತ್ತಿದ್ದರು. ವೇದಿಕೆಯ ಮೇಲೆ ಕೂತವರ ಹೆಸರು ಕೂತ ಕ್ರಮದಲ್ಲೇ ಬರಬೇಕು, ಒಂದೂ ಬಿಡಬಾರದು ಎಂದು ನಮ್ಮ ಅಧ್ಯಕ್ಷರ ಕಟ್ಟಪ್ಪಣೆ. ಅಧ್ಯಕ್ಷರ ಹೆಸರಿನ ಹಿಂದೆ ‘ಸಹಕಾರಿ ಧುರೀಣ’, ‘ಕೊಡುಗೈ ದಾನಿ’, ‘ರೈತರ ಕಣ್ಮಣಿ’ ಎಂದು ಸೇರಿಸುವುದು ನನ್ನ ಸ್ವಂತ ಶ್ರಮ. ಬಾತ್ಮೀದಾರರು ಟೀ ಕುಡಿಯುತ್ತ, ನನ್ನ ಕಣ್ಣೆದುರಿಗೇ ಗೀಟು ಹಾಕುತ್ತ ಹೋಗುತ್ತಿದ್ದರು. ಪ್ರಾರ್ಥನೆ ಹೋಯಿತು, ಸ್ವಾಗತ ಹೋಯಿತು, ಕಣ್ಮಣಿ ಹೋಯಿತು. ಕೊನೆಗೆ ಬೀಡಿ ಜಾಹೀರಾತಿನ ಕೆಳಗೆ ಎರಡು ಸಾಲು ಬರುತ್ತಿತ್ತು. ಅಧ್ಯಕ್ಷರು ಆ ಎರಡು ಸಾಲು ಹಿಡಿದುಕೊಂಡು ನನ್ನನ್ನು ಚೇಂಬರಿಗೆ ಕರೆಯುತ್ತಿದ್ದರು.

ಅವನು ಒಯ್ಯುತ್ತಿದ್ದದ್ದು ಅರ್ಧ ಹಾಳೆ. ಒಂದೇ ಮಗ್ಗುಲು ಬರೆದು, ತಲೆಬರಹಕ್ಕೆ ಮೇಲೆ ಜಾಗ ಬಿಟ್ಟಿರುತ್ತಿದ್ದ. ಯಾವ ಊರಿನಲ್ಲಿ, ಯಾವ ದಿನ, ಯಾವ ಬೀಜ, ಯಾರಿಗೆ ಕೊಡುತ್ತಾರೆ. ಮುಗಿಯಿತು. ಎಷ್ಟೋ ಸಲ ಅಷ್ಟೂ ಇರುತ್ತಿರಲಿಲ್ಲ. ಬರಿಗೈಯಲ್ಲಿ ಹೋಗಿ ಅಂಗಡಿಯ ಸ್ಟೂಲಿನ ಮೇಲೆ ಕೂತು, ಎಮ್ಮೆದೊಡ್ಡಿ ಕಾವಲಿನ ಹತ್ತಿರ ಚಿರತೆ ಕಂಡಿದ್ದು, ಅಜ್ಜಂಪುರದಲ್ಲಿ ಈರುಳ್ಳಿ ಧಾರಣೆ ಬಿದ್ದದ್ದು, ಯಾವುದೋ ಹಳ್ಳಿಯ ಸೇತುವೆ ಕುಸಿದದ್ದು, ಇಂಥ ಮಾತಾಡಿ ಎದ್ದು ಬರುತ್ತಿದ್ದ. ಅವನ ಸಂಘಕ್ಕೂ ಚಿರತೆಗೂ ಏನು ಸಂಬಂಧ? ಸಂಬಳ ತೆಗೆದುಕೊಂಡು ಹರಟೆ ಹೊಡೆಯುತ್ತಾನೆ ಎಂದು ನಾನು ಮನೆಯಲ್ಲಿ ಮೂಗು ಮುರಿಯುತ್ತಿದ್ದೆ. ಆದರೆ ಬಾತ್ಮೀದಾರರು ಚಿರತೆಯ ಸುದ್ದಿ ಬರೆದು ಬೆಂಗಳೂರಿನಿಂದ ಶಭಾಸ್ ಅನ್ನಿಸಿಕೊಂಡರು. ಅಂದಿನಿಂದ ಅವನು ರಸ್ತೆಯ ಆ ತುದಿಯಲ್ಲಿ ಕಂಡರೆ ಈ ತುದಿಯಲ್ಲಿ ಇವರು ಟೀಗೆ ಹೇಳುತ್ತಿದ್ದರು. ನಾನು ತೆಂಗಿನಕಾಯಿ ಹೊತ್ತುಕೊಂಡು ಹೋದರೂ ಟೀಗೆ ನಾನೇ ಹೇಳಬೇಕಾಗಿತ್ತು.

ಹೀಗೆ ಎಷ್ಟು ದಿನ ನಡೆಯುತ್ತಿತ್ತೋ. ಎಂಬತ್ತರ ದಶಕದ ಮೊದಲಲ್ಲಿ ಎರಡೂ ಸಂಘಗಳನ್ನು ಸೇರಿಸಿ ಒಂದೇ ಒಕ್ಕೂಟ ಮಾಡುವುದೆಂದು ತೀರ್ಮಾನವಾಯಿತು. ಕಚೇರಿ ಬೀರೂರಿನಲ್ಲಿ, ಪ್ರಚಾರಾಧಿಕಾರಿ ಒಬ್ಬನೇ. ಇನ್ನೊಬ್ಬ ಅವನವನ ಊರಿನ ಮಾರಾಟ ವಿಭಾಗದಲ್ಲಿ ಗುಮಾಸ್ತನಾಗಬೇಕು. ಇಬ್ಬರಲ್ಲಿ ಯಾರು ಎಂಬುದನ್ನು ಎರಡೂ ಸಂಘದ ಅಧ್ಯಕ್ಷರು ಕೂತು ನಿರ್ಧರಿಸುವುದು ಎಂದಾಯಿತು. ವಯಸ್ಸಿನಲ್ಲಿ, ಸರ್ವಿಸ್ಸಿನಲ್ಲಿ ನಾನೇ ಹಿರಿಯ. ಆದರೂ ನನಗೆ ಅನ್ನ ಸೇರದಂತಾಯಿತು. ಷಡ್ಡಕ ಅಧಿಕಾರಿ, ನಾನು ಗುಮಾಸ್ತ ಎಂದಾದರೆ ಹಬ್ಬಕ್ಕೆ ಅಜ್ಜಂಪುರಕ್ಕೆ ಯಾವ ಮುಖ ಹೊತ್ತುಕೊಂಡು ಹೋಗಲಿ? ಹೆಂಡತಿ ತಂಗಿಯ ಮಾತು ಬಂದಾಗ ಎದ್ದು ಅಡಿಗೆ ಮನೆಗೆ ಹೋಗತೊಡಗಿದಳು.

ಅದೇ ಸಮಯಕ್ಕೆ ಕಡೂರಿನಲ್ಲಿ ಅವನ ಸಂಘದ ಹೊಸ ಗೋದಾಮು ಮುಗಿಯಿತು. ಉದ್ಘಾಟನೆಗೆ ಬೆಂಗಳೂರಿನಿಂದ ಮಂತ್ರಿಗಳು.

ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿ ಹೇಳಬೇಕು. ಸಭೆ ಮುಗಿಯುವ ಹೊತ್ತಿಗೆ ರೈಲು ಹೋಗಿಬಿಟ್ಟಿರುತ್ತಿತ್ತು. ಬಾತ್ಮೀದಾರರು ಅಂಗಡಿ ಬಿಟ್ಟು ಎಲ್ಲ ಸಭೆಗೂ ಬರುವಂತೆಯೂ ಇರಲಿಲ್ಲ. ಅದಕ್ಕೇ ನಾವೆಲ್ಲ ನಾಳೆಯ ಸಭೆಯನ್ನು ಇವತ್ತೇ ಆಗಿಹೋದ ಹಾಗೆ ಬರೆದು ಕೊಟ್ಟುಬಿಡುತ್ತಿದ್ದೆವು. ‘ಉದ್ಘಾಟಿಸಿದರು’, ‘ಕರೆ ನೀಡಿದರು’, ‘ಸಾವಿರಾರು ರೈತರು ನೆರೆದಿದ್ದರು’. ಮಂತ್ರಿ ಯಾವ ಕರೆ ನೀಡಬಹುದು ಎಂದು ಊಹಿಸುವುದೇನು ಕಷ್ಟ? ಎಲ್ಲರೂ ಹೆಚ್ಚು ಬೆಳೆಯಿರಿ ಎಂದೇ ಕರೆ ನೀಡುತ್ತಿದ್ದರು. ಈ ಪದ್ಧತಿಗೆ ಒಪ್ಪದಿದ್ದವನು ಅವನೊಬ್ಬನೇ. ಒಂದು ದಿನ ತಡವಾದರೂ ಆದಮೇಲೆಯೇ ಬರೆಯುತ್ತಿದ್ದ. ಈ ಸಲ ಅವನ ಅಧ್ಯಕ್ಷರು ಹಟ ಹಿಡಿದರು, ಮಾರನೆಯ ದಿನವೇ ಸುದ್ದಿ ಬರಬೇಕು ಎಂದು. ಹುದ್ದೆಯ ತೀರ್ಮಾನ ಅವರ ಕೈಯಲ್ಲಿ. ಅವನು ಜೀವನದಲ್ಲಿ ಮೊದಲ ಸಲ ಮುಂಗಡ ಬರೆದು ಕೊಟ್ಟ.

ಮಂತ್ರಿಗಳು ಬರಲಿಲ್ಲ.

ಆ ದಿನ ನಾನೂ ಅಲ್ಲಿದ್ದೆ, ಮಾವನವರ ಪಕ್ಕದಲ್ಲಿ. ಬಿಸಿಲು ಏರಿತು, ಇಳಿಯಿತು. ಶಾಮಿಯಾನದ ಕೆಳಗೆ ಮಕ್ಕಳು ಅಳತೊಡಗಿದವು. ಕೊನೆಗೆ, ಮಂತ್ರಿಗಳಿಗೆ ಏನೋ ತುರ್ತು ಕೆಲಸವಂತೆ ಎಂದು ಪೊಲೀಸಿನವನೊಬ್ಬ ಬಂದು ಹೇಳಿದ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಸಂಘದ ಸದಸ್ಯೆಯೊಬ್ಬಳು, ತಲೆ ನರೆತ ಅಜ್ಜಿ, ಎದ್ದು ನಿಂತಳು.

“ಕಳ್ಳೇಕಾಯಿ ಬಿತ್ತಕ್ಕೆ ಮಂತ್ರಿ ಬಂದಿದ್ನಾ? ಬಾಗ್ಲು ತೆಗೀರಪ್ಪ, ಹೊತ್ತೋಯ್ತು” ಎಂದಳು.

ಎಲ್ಲರೂ ನಕ್ಕರು. ಅಧ್ಯಕ್ಷರೂ ಬೇರೆ ದಾರಿ ಕಾಣದೆ ಕತ್ತರಿಯನ್ನು ಅವಳ ಕೈಗೇ ಕೊಟ್ಟರು. ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಟೇಪು ಕತ್ತರಿಸಿದಳು. ನಾನು ಅವಳನ್ನು ನೋಡಲಿಲ್ಲ. ನಾನು ನೋಡುತ್ತಿದ್ದದ್ದು ಷಡ್ಡಕನ ಮುಖವನ್ನು. ಸುದ್ದಿ ನಿಲ್ಲಿಸುವುದಕ್ಕೆ ಬೆಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಅಂಚೆ ಕಚೇರಿಗೂ ಶಾಮಿಯಾನಕ್ಕೂ ಓಡಾಡುತ್ತಿದ್ದ. ಲೈನು ಸಿಗಲೇ ಇಲ್ಲ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆ ಸಂತೋಷವನ್ನು ಮುಚ್ಚಿಕೊಳ್ಳುವುದಕ್ಕೆ ಮಾವನವರಿಗೆ ನೀರು ತರುವ ನೆಪ ಮಾಡಿ ಎದ್ದು ಹೋದೆ.

ಮಾರನೆಯ ದಿನ ಪೇಪರಿನಲ್ಲಿ ಮಂತ್ರಿಗಳು ಗೋದಾಮು ಉದ್ಘಾಟಿಸಿದರು, ಹೆಚ್ಚು ಎಣ್ಣೆಬೀಜ ಬೆಳೆಯಿರಿ ಎಂದು ಕರೆ ನೀಡಿದರು. ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಪೇಪರು ಕೊಂಡು ನಿಂತಲ್ಲೇ ಎರಡು ಸಲ ಓದಿದೆ. ಅಂಥ ರುಚಿಯ ಸುದ್ದಿಯನ್ನು ನಾನು ಅದುವರೆಗೆ ಓದಿರಲಿಲ್ಲ. ಕಚೇರಿಗೆ ರಜೆ ಹಾಕಿ ನೇರವಾಗಿ ಅಜ್ಜಂಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತನ್ನು ಮನಸ್ಸಿನಲ್ಲೇ ಹೊಂದಿಸಿಕೊಂಡೆ. ‘ಪಾಪ, ಅವರಿಗೆ ಹೀಗಾಗಬಾರದಿತ್ತು ಮಾವ’ ಎಂದು ಶುರುಮಾಡುವುದೆಂದು ನಿರ್ಧರಿಸಿದ್ದೆ.

ಶುರುಮಾಡುವುದಕ್ಕೆ ಬಿಡಲಿಲ್ಲ. ಮಾವ ಪೇಪರಿನಿಂದ ತಲೆಯೆತ್ತಿ, “ನೋಡ್ದೆ ಅಳಿಯಂದ್ರೇ. ನಿನ್ನೆ ಸಂಜೇನೇ ಅವ್ರು ನಂಗೆ ಹೇಳಿದ್ರು, ನಾಳೆ ತಪ್ಪು ಸುದ್ದಿ ಬತ್ತದೆ, ಅದು ನಂದೇ ತಪ್ಪು ಅಂತ. ಈಗ ಬೀರೂರ್ಗೆ ಹೋಗವ್ರೆ” ಎಂದರು.

ಬೀರೂರಿನಲ್ಲಿ ನಡೆದದ್ದು ಆಮೇಲೆ ಗೊತ್ತಾಯಿತು. ಅಂಗಡಿ ಬಾಗಿಲು ತೆರೆಯುವುದಕ್ಕೆ ಮುಂಚೆಯೇ ಅವನು ಅಲ್ಲಿ ನಿಂತಿದ್ದನಂತೆ. ಬೆಂಗಳೂರಿನವರು ಬಾತ್ಮೀದಾರರನ್ನು ಆ ದಿನವೇ ಕಿತ್ತುಹಾಕುವವರಿದ್ದರು. ನಡೆಯದ ಸಭೆಯ ಸುದ್ದಿ ಕಳಿಸಿದವನನ್ನು ಯಾವ ಪೇಪರಿನವರು ಇಟ್ಟುಕೊಳ್ಳುತ್ತಾರೆ? ಅವನು ಸಂಪಾದಕರಿಗೆ ತಂತಿ ಕೊಟ್ಟ. ಬಾತ್ಮೀದಾರರದು ಏನೂ ತಪ್ಪಿಲ್ಲ, ತಪ್ಪು ಮಾಹಿತಿ ಕೊಟ್ಟವನು ಸಂಘದ ಪ್ರಚಾರಾಧಿಕಾರಿಯಾದ ನಾನು ಎಂದು. ಅದರ ಹಿಂದೆಯೇ ಅರ್ಧ ಹಾಳೆಯಲ್ಲಿ ನಿಜವಾಗಿ ನಡೆದದ್ದನ್ನು ಬರೆದು, ಕಡೂರಿನ ಸ್ಟುಡಿಯೋದವನು ತೆಗೆದಿದ್ದ ಅಜ್ಜಿಯ ಫೋಟೋ ಜೊತೆಗಿಟ್ಟು, ರೈಲಿಗೆ ಹಾಕಿಸಿದ. ಅವನ ಅಧ್ಯಕ್ಷರು ಸಿಟ್ಟಿನಿಂದ ಕುದಿಯುತ್ತಿದ್ದರು. ಮರ್ಯಾದೆ ಹೋಯಿತು ಎಂದು ಕೂಗಾಡಿದರಂತೆ. ಈ ಕೂಗಾಟದ ವಿಷಯ ಕೇಳಿ ನಾನು ಇನ್ನೊಂದೆರಡು ದಿನ ಆರಾಮವಾಗಿದ್ದೆ.

ಮೂರನೆಯ ದಿನ ಪೇಪರು ಬಿಡಿಸಿದರೆ ಪುಟದ ನೆತ್ತಿಯಲ್ಲಿ ಅಜ್ಜಿ. ಸೆರಗು ಸಿಕ್ಕಿಸಿ, ಕತ್ತರಿ ಹಿಡಿದು, ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಾಳೆ. ಕೆಳಗೆ ಅವಳು ಆಡಿದ ಮಾತು, ಅಕ್ಷರ ಬಿಡದೆ. ಹಿಂದಿನ ಸುದ್ದಿ ತಪ್ಪಾಗಿತ್ತು, ಸಂಘ ವಿಷಾದಿಸಿದೆ ಎಂದು ಕೊನೆಯಲ್ಲಿ ಒಂದು ಸಾಲು. ಮಂತ್ರಿ ಬಂದಿದ್ದರೂ ಅಷ್ಟು ದೊಡ್ಡದಾಗಿ ಬರುತ್ತಿರಲಿಲ್ಲ. ಊರೂರಿನಲ್ಲಿ ಅದೇ ಮಾತು. ನಮ್ಮ ಕಚೇರಿಯ ಜವಾನನೂ ನನ್ನನ್ನು ಕೇಳಿದ, ಆ ಅಜ್ಜಿ ನಿಮ್ಮ ಷಡ್ಡಕರ ಸಂಘದವರಂತಲ್ಲ ಸಾರ್ ಎಂದು. ಕೂಗಾಡಿದ್ದ ಅಧ್ಯಕ್ಷರು ಪೇಪರನ್ನು ಚೌಕಟ್ಟು ಹಾಕಿಸಿ ಚೇಂಬರಿನಲ್ಲಿ ನೇತುಹಾಕಿದರು. ಮಾವನವರ ಗೋಡೆಯಲ್ಲಿ ಅಜ್ಜಿಗೆ ನಟ್ಟನಡುವೆ ಜಾಗ ಸಿಕ್ಕಿತು.

ನನಗೆ ಮೈಯೆಲ್ಲ ಉರಿಯಿತು. ಸರಿ ಮಾಡಿದಾಗ ಹೊಗಳಿಸಿಕೊಳ್ಳುವುದು ಇರಲಿ, ಈ ಮನುಷ್ಯ ತಪ್ಪು ಮಾಡಿದರೂ ಹಾರ ಹಾಕಿಸಿಕೊಳ್ಳುತ್ತಾನಲ್ಲ ಎಂದು ಹಲ್ಲು ಕಡಿದೆ. ಇಷ್ಟು ವರ್ಷ ಒಂದೂ ತಪ್ಪು ಮಾಡದೆ, ಒಬ್ಬರ ಹೆಸರೂ ಬಿಡದೆ ಬರೆದ ನಾನು ಬೀಡಿ ಜಾಹೀರಾತಿನ ಕೆಳಗೇ ಇದ್ದೆ.

ಹುದ್ದೆ ಅವನಿಗೇ ಆಯಿತು. ನಮ್ಮ ಅಧ್ಯಕ್ಷರೂ ಅವನ ಕಡೆಗೇ ಕೈ ಎತ್ತಿದರಂತೆ. ರೈತರ ಕಣ್ಮಣಿ! ಇಬ್ಬರು ಅಧ್ಯಕ್ಷರೂ ಒಂದು ದಿನ ಬೀರೂರಿನ ಅಂಗಡಿಗೆ ಹೋಗಿ ಬಾತ್ಮೀದಾರರ ಅಭಿಪ್ರಾಯ ಕೇಳಿದ್ದರೆಂದು ತಿಳಿದು, ನಾನು ನೇರವಾಗಿ ಅಲ್ಲಿಗೆ ಹೋದೆ. ಆ ಸಲ ತೆಂಗಿನಕಾಯಿ ಒಯ್ಯಲಿಲ್ಲ. ನನ್ನಲ್ಲಿ ಏನು ಕಮ್ಮಿಯಾಗಿತ್ತು, ಹೇಳಿಬಿಡಿ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಒಳ್ಳೆಯ ಮನುಷ್ಯ, ನೋಯಿಸಬೇಕೆಂದು ಹೇಳಿದ್ದಲ್ಲ.

“ನೀವು ಬಂದ್ರೆ ಏನೋ ಕೇಳಕ್ಕೆ ಬಂದವ್ರೆ ಅಂತ ಗೊತ್ತಾಯ್ತದೆ ಸ್ವಾಮಿ. ಅವ್ರು ಬಂದ್ರೆ ಏನೋ ಹೇಳಕ್ಕೆ ಬಂದವ್ರೆ ಅನ್ಸುತ್ತೆ. ಅಷ್ಟೇ ಕಣ್ರೀ” ಎಂದರು.

ಅಷ್ಟೇ ಅಂತೆ. ಆ ಸಲ ಟೀಗೂ ಹೇಳದೆ ತರೀಕೆರೆಯ ಬಸ್ಸು ಹತ್ತಿದೆ.

ವಾರ ಕಳೆದಿರಬೇಕು, ಒಂದು ಬೆಳಿಗ್ಗೆ ಅವನು ನಮ್ಮ ಮನೆಗೆ ಬಂದ. ಹೆಂಡತಿ ಉಪ್ಪಿಟ್ಟು ಕೊಟ್ಟಳು. ತಿಂದು ಕೈ ತೊಳೆದು, ಬಹಳ ಸಂಕೋಚದಿಂದ ವಿಷಯಕ್ಕೆ ಬಂದ. ಹೊಸ ಒಕ್ಕೂಟದ ಪ್ರಚಾರಾಧಿಕಾರಿ ಯಾರು ಎಂಬುದು ಪೇಪರಿನಲ್ಲಿ ಬರಬೇಕೆಂದು ಅಧ್ಯಕ್ಷರು ಹೇಳಿದ್ದಾರೆ. ಆದರೆ ಅವನಿಗೆ ಅವನದೇ ಒಂದು ನಿಯಮ.

“ನನ್ನ ಹೆಸರು ನಾನೇ ಬರ್ಕೊಂಡು ಒಯ್ಯೋದು ಸರಿಯಲ್ಲ ಅಣ್ಣಾರೇ. ಇಷ್ಟು ವರ್ಷ ಬರ್ದಿಲ್ಲ. ನೀವು ಬರ್ಕೊಡಿ. ನಿಮ್ಮ ಕೈಯಿಂದಾನೇ ಕೆಲ್ಸ ಸಿಕ್ಕಿದ್ದು, ನಿಮ್ಮ ಕೈಯಿಂದಾನೇ ಇದೂ ಆಗ್ಲಿ” ಎಂದ.

ಅಡಿಗೆ ಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಆಗುವುದಿಲ್ಲ ಎನ್ನುವುದು ಹೇಗೆ? ಹಾಳೆ ತೆಗೆದುಕೊಂಡು ಕೂತೆ. ಅವನ ಹೆಸರು ಬರೆದೆ. ನನ್ನ ಕೈ ಅಭ್ಯಾಸಬಲದಿಂದ ಹೆಸರಿನ ಹಿಂದೆ ಏನಾದರೂ ಸೇರಿಸಲು ಹೋಯಿತು. ‘ಜನಾನುರಾಗಿ’ ಎನ್ನಬಹುದಿತ್ತು. ‘ದಕ್ಷ’ ಎನ್ನಬಹುದಿತ್ತು. ಸಂಘದ ಅಧ್ಯಕ್ಷರಿಗೆ, ಉಪಾಧ್ಯಕ್ಷರಿಗೆ, ಖಜಾಂಚಿಗೆ, ಕೊನೆಗೆ ಮೈಕಿನವನಿಗೂ ಧಾರಾಳವಾಗಿ ಹಂಚಿದ್ದ ಮಾತುಗಳಲ್ಲಿ ಒಂದನ್ನೂ ಅವನಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಕೊಡುವುದಿಲ್ಲ ಎಂದುಕೊಂಡೆ. ಇಂಥವರು ಒಕ್ಕೂಟದ ಪ್ರಚಾರಾಧಿಕಾರಿಯಾಗಿ ಕೆಲಸಕ್ಕೆ ಸೇರಿದ್ದಾರೆ. ಇದಕ್ಕೆ ಮೊದಲು ಕಡೂರಿನ ಸಂಘದಲ್ಲಿ ಇದೇ ಕೆಲಸದಲ್ಲಿದ್ದರು. ಕಚೇರಿ ಬೀರೂರಿನ ಸ್ಟೇಷನ್ ರಸ್ತೆಯಲ್ಲಿದೆ. ರೈತರು ಸೋಮವಾರ ಮತ್ತು ಗುರುವಾರ ಅವರನ್ನು ಕಾಣಬಹುದು. ಇಷ್ಟೇ ಬರೆದು ಅವನ ಕೈಗೆ ಕೊಟ್ಟೆ. ಅವನು ಓದಿ, ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು, ತುಂಬ ಚೆನ್ನಾಗಿದೆ ಅಣ್ಣಾರೇ ಎಂದ. ಆಗಲೂ ಅವನ ದನಿಯಲ್ಲಿ ಕುಹಕ ಇರಲಿಲ್ಲ.

ಬಾತ್ಮೀದಾರರು ಅದಕ್ಕೆ ಒಂದು ಗೀಟೂ ಹಾಕಲಿಲ್ಲ. ನಾನು ಬರೆದ ಹಾಗೇ ಬಂತು, ನಾಲ್ಕಕ್ಕೆ ನಾಲ್ಕು ಸಾಲು, ಮೇಲಿನ ಮೂಲೆಯಲ್ಲಿ, ಸುತ್ತ ಗೆರೆ ಹಾಕಿ.

ಆ ಭಾನುವಾರ ಮಾವ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದರು. ಮಂಡಿಯಲ್ಲಿ ಕೂತು ಪೇಪರಿನ ತುಂಡನ್ನು ಗಟ್ಟಿಯಾಗಿ ಓದಿದರು. ಓದಿ, ಇದನ್ನು ಯಾರು ಬರೆದದ್ದು ಎಂದು ಕೇಳಿದರು. ಅಣ್ಣಾರು ಬರೆದದ್ದು ಎಂದು ಅವನು ಹೇಳಿದ. ಮಾವ ನನ್ನ ಕಡೆ ತಿರುಗಿದರು. ಅಷ್ಟು ಪ್ರೀತಿಯಿಂದ ಅವರು ನನ್ನನ್ನು ನೋಡಿದ್ದು ಧಾರೆಯ ದಿನ ಬಿಟ್ಟರೆ ಅವತ್ತೇ.

“ಎಷ್ಟು ಅಚ್ಚುಕಟ್ಟಾಗದೆ. ಇಷ್ಟು ದಿನ ಹಿಂಗೆ ಯಾಕೆ ಬರೀಲಿಲ್ಲ ಅಳಿಯಂದ್ರೇ?”

ಹೊಟ್ಟೆಕಿಚ್ಚಿಗೆ ಬರೆದೆ ಎಂದು ಹೇಳಲಾಗುತ್ತದೆಯೇ? ಅವತ್ತು ಪೇಪರಿನವರಿಗೆ ಜಾಗ ಇತ್ತೇನೋ ಎಂದೆ. ಮಾವ ಮೈದಾ ಅಂಟು ಕಲಸಿಸಿದರು. ಅಜ್ಜಿಯ ಪಕ್ಕದಲ್ಲಿ ಒಂದಿಷ್ಟು ಜಾಗ ಉಳಿದಿತ್ತು, ಅಲ್ಲಿ ಅಂಟಿಸಿ ಅಂಗೈಯಿಂದ ಚೆನ್ನಾಗಿ ಒತ್ತಿದರು. ನಾನು ಬರೆದದ್ದು ಆ ಗೋಡೆ ಹತ್ತಿದ್ದು ಅದೊಂದೇ. ಆಮೇಲೆ ಮಂಡಿಗೆ ಹೋದಾಗಲೆಲ್ಲ ನಾನು ಗೋಡೆಗೆ ಮುಖ ಮಾಡಿಯೇ ಕೂರುತ್ತಿದ್ದೆ, ನನ್ನ ನಾಲ್ಕು ಸಾಲನ್ನು ಓದುವುದಕ್ಕೆ. ಓದಲು ಶುರುಮಾಡಿದರೆ ಮೊದಲು ಬರುತ್ತಿದ್ದದ್ದು ಅವನ ಹೆಸರು.